ಯೆರೂಸಲೇಮಿನ ದೇವಾಲಯ

ಕ್ರಿ. ಪೂ. 63ನೆಯ ವರ್ಷದಲ್ಲಿ ರೋಮಿನ ಸೇನಾನಿಯಾದ ಪಾಂಪೆಯು ಮೂರು ತಿಂಗಳ ಮುತ್ತಿಗೆಯ ತರುವಾಯ ಯೆರೂಸಲೇಮಿನ ದೇವಾಲಯವನ್ನು ಹಿಡಿದುಕೊಂಡನು. ಆ ದೇವಾಲಯದ ಅಂತರ್ಗೃಹವನ್ನು ಯೆಹೂದ್ಯರಲ್ಲಿ ಮಹಾಯಾಜಕನೊಬ್ಬನಲ್ಲದೆ ಮತ್ತಾರೂ ಪ್ರವೇಶಿಸುವಂತಿರಲಿಲ್ಲ. ಅವನಾದರೂ ವರ್ಷಕ್ಕೆ ಒಂದು ದಿನ ಮಾತ್ರವೇ ಅಲ್ಲಿ ಕಾಲಿಡಬಹುದಾಗಿತ್ತು. ಗೆದ್ದವನಿಗೆ ಈ ಕಟ್ಟಳೆ ಅಡ್ಡಬರಲಿಲ್ಲ. ಪಾಂಪೆಯು ತನ್ನವರೊಡನೆ ಒಳಹೊಕ್ಕನು. ಚಿನ್ನದ ದೀಪಸ್ತಂಭ, ಚಿನ್ನದ ಮೇಜು, ರಾಶಿಯಾಗಿ ಕೂಡಿಟ್ಟಿದ್ದ ಸುಗಂಧದ್ರವ್ಯ, ಭಂಡಾರದಲ್ಲಿ ಎರಡು ಸಾವಿರ ತಲಾಂತು ಹಣ ಇವೆಲ್ಲ ಅವನ ಕಣ್ಣಿಗೆ ಬಿದ್ದುವೆಂದು ಯೆಹೂದ್ಯ ಇತಿಹಾಸಕಾರನಾದ ಜೋಸೀಫಸನು ಬರೆದಿದ್ದಾನೆ. ಆದರೆ ದೇವಾಲಯವೆಂದ ಮೇಲೆ ಯಾವುದು ಇದ್ದೇ ತೀರಬೇಕೆಂದು ಆ ಕಾಲದ ಜನ ಎಣಿಸುತ್ತಿದ್ದರೋ ಅದು ಮಾತ್ರ ಅಲ್ಲಿರಲಿಲ್ಲ. ದೇವರ ವಿಗ್ರಹವಿಲ್ಲ, ಒಳಗಿನ ಕೋಣೆ ಬರಿದಾಗಿತ್ತು. ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ಕಾಲ ಕಳೆದಮೇಲೆ ರೋಮನ್ ಇತಿಹಾಸಕಾರನಾದ ಟ್ಯಾಸಿಟಸನು ಈ ಸಂಗತಿಯನ್ನು ಉಲ್ಲೇಖಿಸಿ, ಪಾಂಪೆಯ ಪ್ರವೇಶದಿಂದಲೇ ಈ ವಿಷಯ ಲೋಕಕ್ಕೆ ತಿಳಿದುಬಂದಿತೆಂದು ಹೇಳುತ್ತಾನೆ.

ಆ ಬರಿಯ ಕೋಣೆಯ ಅರ್ಥವೇನು? ವಿಗ್ರಹವನ್ನೊಪ್ಪದ ದೇವರಿಗೆ ಮನೆ ಏತಕ್ಕೆ ಬೇಕಾಯಿತು? ಕಟ್ಟಿದ ಆ ಮನೆ ಎರಡು ಸಲ ನೆಲಸಮವಾದರೂ ಅದನ್ನು ನಂಬಿದ ಜನರ ಧರ್ಮ ಅದರೊಡನೆಯೇ ಅಳಿದುಹೋಗದೆ ಉಳಿದುದು ಹೇಗೆ? ಈ ಮೂರು ಪ್ರಶ್ನೆಗಳನ್ನು ಕುರಿತು ಈ ಹೊತ್ತು ನಾವು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಚರಿತ್ರೆಯ ಪಾಠದಲ್ಲಿ ಯೆರೂಸಲೇಮಿನ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳೂ ಇವೇ ಆಗಿವೆ.

ಇಸ್ರಾಯೇಲ್ಯರು ಮೊದಲು ಕುರಿಗಾಹಿಗಳಾಗಿ, ಗುಡಾರಗಳಲ್ಲಿ ವಾಸಮಾಡುತ್ತಿದ್ದವರೆಂದೂ, ಅವರ ದೇವರ ಸಾನ್ನಿಧ್ಯದ ಗುರುತಾಗಿದ್ದ ಒಡಂಬಡಿಕೆಯ ಮಂಜೂಷೆಯು ಅವರೊಡನೆ ಗುಡಾರದಲ್ಲಿಯೇ ಸಂಚರಿಸುತ್ತಿತ್ತೆಂದೂ ಅವರ ಗ್ರಂಥಗಳು ಹೇಳುತ್ತವೆ. ದಾವೀದನು ಯೆರೂಸಲೇಮನ್ನು ರಾಜಧಾನಿಯಾಗಿ ಮಾಡಿಕೊಂಡು ಮಂಜೂಷೆಯನ್ನು ಅಲ್ಲಿಗೆ ತರಿಸಿದನು. ಅವನ ಮಗ ಸೊಲೊಮೋನನು ಕ್ರಿ. ಪೂ. ಹತ್ತನೆಯ ಶತಮಾನದಲ್ಲಿ ಅದಕ್ಕೆ ಕಲ್ಲಿನ ಮನೆಯೊಂದನ್ನು ಕಟ್ಟಿಸಿದನು. ಪಟ್ಟಕ್ಕೆ ಬಂದ ನಾಲ್ಕನೆಯ ವರ್ಷದಲ್ಲಿ ಆರಂಭಿಸಿದ ಕೆಲಸ ಹನ್ನೊಂದನೆಯ ವರ್ಷದಲ್ಲಿ ಮುಗಿಯಿತಂತೆ. ದೇವದಾರು ಮರವನ್ನೂ ನುರಿತ ಕೆಲಸಗಾರರನ್ನೂ ಒದಗಿಸಿದವನು ತೂರ್ ಪಟ್ಟಣದ ಅರಸನಾದ ಹೀರಾಮನು. ಇದೇ ಸಂದರ್ಭದಲ್ಲಿ ಓಫೀರೆಂಬ ದೂರದೇಶದಿಂದ ಹಡಗಿನಲ್ಲಿ ಬಂದ ‘ಅಲ್ಮುಗ್’ ಎಂಬ ಮರವು ದೇವಾಲಯದ ಕೆಲಸಕ್ಕೆ ಉಪಯೋಗವಾಯಿತೆಂದು ಬರೆದಿದೆ. ಅದು ನಮ್ಮ ಶ್ರೀಗಂಧವೇ ಎಂದು ಹಿಂದಿನ ಪಂಡಿತರು ಕೆಲವರು ವಾದಿಸಿದ್ದುಂಟು. ಎಲ್ಲರೂ ಅದನ್ನು ಒಪ್ಪಿಲ್ಲ. ಅದೇ ಅರಸನ ಹಡಗುಗಳು ತಂದ ನವಿಲಿಗೆ ಹೀಬ್ರೂ ಭಾಷೆಯಲ್ಲಿರುವ ‘ತುಕ್ಕಿ’ ಎಂಬ ಹೆಸರನ್ನು ತಮಿಳಿನ ‘ತೋಕೈ’ ಶಬ್ದದೊಡನೆ ಕಾಲ್ಡ್ವೆಲ್ ಮೊದಲಾದ ವಿದ್ವಾಂಸರು ಹೋಲಿಸಿದ್ದಾರೆ.

ದೇವಾಲಯದ ಅಳತೆ ಅರವತ್ತು ಮೊಳ ಉದ್ದ, ಇಪ್ಪತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರ. ಮೊಳಕ್ಕೆ ಒಂದೂವರೆ ಅಡಿಯಂತೆ ಲೆಕ್ಕಹಾಕಿದರೆ ಉದ್ದ 90 ಅಡಿ, ಅಗಲ 30 ಅಡಿ, ಎತ್ತರ 45 ಅಡಿ ಆಗುತ್ತದೆ. ಅದರ ಕೀರ್ತಿಯನ್ನು ನೋಡಿದರೆ ಕಟ್ಟಡ ಸಣ್ಣದೇ. ಭಕ್ತರು ಒಳಗೆ ನೆರೆಯುವ ಪದ್ಧತಿ ಇಲ್ಲದಿದ್ದುದರಿಂದ ದೊಡ್ಡ ಕಟ್ಟಡದ ಅವಶ್ಯಕತೆಯೂ ಇರಲಿಲ್ಲ. ಅವರು ನಿಲ್ಲುತ್ತಿದ್ದುದು ಅಂಗಳದಲ್ಲಿ, ಯಜ್ಞವೇದಿಯಿದ್ದುದೂ ಅಂಗಳದಲ್ಲಿಯೇ. ಕಟ್ಟಡಕ್ಕೆ ಮೂರು ಭಾಗಗಳು: ಮುಂದೆ ಎರಡು ಕಂಚಿನ ಕಂಬಗಳಿಂದ ಕೂಡಿದ ಮುಖಮಂಟಪ, ಅದರ ಹಿಂದೆ ದೀಪಸ್ತಂಭಗಳೂ ಧೂಪವೇದಿಯೂ ನೈವೇದ್ಯದ ರೊಟ್ಟಿಯ ಮೇಜೂ ಇದ್ದ ದೊಡ್ಡ ಅಂಕಣ, ಕೊನೆಗೆ ಇಪ್ಪತ್ತು ಮೊಳ ಉದ್ದಗಲ ಎತ್ತರಗಳುಳ್ಳ, ಕಿಟಕಿಯಿಲ್ಲದ ಕತ್ತಲೆಯ ಕೋಣೆ. ಮಹಾಪರಿಶುದ್ಧಸ್ಥಳವೆಂದು ಹೆಸರಾದ ಈ ಕೋಣೆಯನ್ನು ಗರ್ಭಗೃಹವೆಂದು ಕರೆದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ.

ಈ ಮೂರಂಕಣದ ರಚನೆ ಇಸ್ರಾಯೇಲ್ಯರಿಗೇ ವಿಶೇಷವಾದುದೇನೂ ಅಲ್ಲ. ಸಿರಿಯ ದೇಶದ ಉತ್ತರಭಾಗದಲ್ಲಿ ಐನ್ ದಾರಾ ಎಂಬಲ್ಲಿ ಭೂಶೋಧಕರು ಅಗೆದು ತೆಗೆದ ದೇವಾಲಯವೊಂದು ಸೊಲೊಮೋನನ ದೇವಾಲಯದ ವರ್ಣನೆಯನ್ನು ಅನೇಕ ಅಂಶಗಳಲ್ಲಿ ಹೋಲುತ್ತದೆ. 2018ರಲ್ಲಿ ವಿಮಾನದಾಳಿಯಿಂದ ಅದರ ಬಹುಭಾಗ ಹಾಳಾದುದು ಚರಿತ್ರೆಗಾದ ದೊಡ್ಡ ನಷ್ಟ. ಆ ದೇವಾಲಯದ ಹೊಸ್ತಿಲ ಕಲ್ಲುಗಳ ಮೇಲೆ ಮೂರಡಿಗೂ ಹೆಚ್ಚು ಉದ್ದವಾದ ಪಾದಗಳ ಗುರುತುಗಳನ್ನು ಕೆತ್ತಿದ್ದರು. ಮೊದಲ ಕಲ್ಲಿನಲ್ಲಿ ಎರಡು ಪಾದಗಳು ಜೊತೆಯಾಗಿ, ಮುಂದೆ ಎಡದ ಪಾದ, ಅದರ ಮುಂದೆ ಬಲದ ಪಾದ. ದೇವತೆಯು ಹೊರಗೆ ನಿಂತು, ಒಂದೊಂದೇ ಹೆಜ್ಜೆಯಿಟ್ಟು, ತನ್ನ ಮನೆಯನ್ನು ಹೊಕ್ಕು ನೆಲಸಿತು ಎಂಬ ಭಾವನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಯೆರೂಸಲೇಮಿನಲ್ಲಿ ಕಟ್ಟಡ ಅಂಥದೇ ಆದರೂ ಒಳಗಿನ ಭಾವನೆ ಬೇರೆ. ಗರ್ಭಗೃಹದಲ್ಲಿ ಎಣ್ಣೇಮರದಿಂದ ಮಾಡಿ ಚಿನ್ನದ ತಗಡು ಹೊದಿಸಿದ ಎರಡು ಕೆರೂಬಿಗಳು, ಎಂದರೆ ರೆಕ್ಕೆಯುಳ್ಳ ದಿವ್ಯಜೀವಿಗಳ ಆಕೃತಿಗಳು, ಹತ್ತು ಹತ್ತು ಮೊಳ ಎತ್ತರಕ್ಕೆ ನಿಂತಿದ್ದವು. ಹರಡಿದ ಅವುಗಳ ರೆಕ್ಕೆಗಳ ಕೆಳಗೆ ಮಂಜೂಷೆ. ಮಂಜೂಷೆಯಲ್ಲಿದ್ದುದು ಎರಡು ಶಿಲಾಶಾಸನಗಳು. ದೇವರೊಡನೆ ಜನ ಮಾಡಿಕೊಂಡ ಒಡಂಬಡಿಕೆಯ ಕಟ್ಟಳೆಗಳು. ಪೂರ್ವದೇಶದ ಅರಸರ ಸಿಂಹಾಸನಗಳಿಗೆ ಇಂಥ ರೆಕ್ಕೆಯ ಮೃಗಗಳೇ ಆಸರೆಯಾಗಿರುತ್ತಿದ್ದವು. ಆದಕಾರಣ ಕೆರೂಬಿಗಳು ಸಿಂಹಾಸನವಾದವು, ಮಂಜೂಷೆ ಪಾದಪೀಠವಾಯಿತು. ಸಿಂಹಾಸನದ ಮೇಲೆ ಕುಳಿತಿರಬೇಕಾದ ಮೂರ್ತಿ ಮಾತ್ರ ಇಲ್ಲ. ಕಣ್ಣಿಗೆ ಕಾಣದ ಅರಸನ ಆಸನವನ್ನೂ ಅವನ ಶಾಸನವನ್ನೂ ಇಟ್ಟು, ಅರಸನ ರೂಪವನ್ನು ಬಿಟ್ಟುಬಿಟ್ಟುದೇ ಈ ದೇವಾಲಯದ ವಿಶೇಷ. ದೇವಾಲಯದ ಪ್ರತಿಷ್ಠೆಯ ಕಾಲದಲ್ಲಿ ಸೊಲೊಮೋನನು ಮಾಡಿದನೆಂದು ಹೇಳುವ ಪ್ರಾರ್ಥನೆಯಲ್ಲಿಯೇ, ಆಕಾಶವೇ ಸಾಲದವನಿಗೆ ಈ ಮನೆ ಸಾಕಾದೀತೇ ಎಂಬ ಆಕ್ಷೇಪವನ್ನು ಎತ್ತಲಾಗಿದೆ. ಅದಕ್ಕೆ ಸಮಾಧಾನವಾಗಿ ಅವರ ಧರ್ಮಶಾಸ್ತ್ರವು ಹೇಳಿದುದು, ಅಲ್ಲಿ ನೆಲಸಿರುವುದು ದೇವರ ನಾಮ ಎಂಬುದಾಗಿ.

ಹಾಗೆಂದು ಈ ದೇವಾಲಯವು ಬರಿಯ ತತ್ತ್ವದ ಮನೆಯಾಗಿತ್ತೆಂದು ಭಾವಿಸಬಾರದು. ಅಲ್ಲಿ ರಕ್ತದ ವಾಸನೆಯೂ ಕೊಬ್ಬಿನ ಹೊಗೆಯೂ ಎಡೆಬಿಡದೆ ಇರುತ್ತಿದ್ದವು. ಬೆಳಗ್ಗೆ ಒಂದು, ಸಂಜೆ ಒಂದು, ಹೀಗೆ ದಿನಕ್ಕೆರಡು ಕುರಿಮರಿಗಳು ಸರ್ವಾಂಗಹೋಮವಾಗುತ್ತಿದ್ದವು. ಪಸ್ಕಹಬ್ಬ, ವಾರಗಳ ಹಬ್ಬ, ಪರ್ಣಶಾಲೆಗಳ ಹಬ್ಬ ಈ ಮೂರಕ್ಕೂ ದೇಶದ ಜನ ಯಾತ್ರೆ ಬರಬೇಕು. ಎಲ್ಲಕ್ಕೂ ಮೇಲಾದುದು ಶರತ್ಕಾಲದ ದೋಷಪರಿಹಾರಕ ದಿನ. ಆ ದಿನ ಮಹಾಯಾಜಕನು ಬಿಳಿಯ ನಾರುಮಡಿಯನ್ನುಟ್ಟು, ಧೂಪದ ಹೊಗೆಯನ್ನು ಮುಂದೆಮಾಡಿಕೊಂಡು ಗರ್ಭಗೃಹವನ್ನು ಹೊಕ್ಕು ಯಜ್ಞಪಶುವಿನ ರಕ್ತವನ್ನು ಪ್ರೋಕ್ಷಿಸುತ್ತಿದ್ದನು. ಎರಡು ಹೋತಗಳಲ್ಲಿ ಒಂದನ್ನು ಬಲಿಕೊಟ್ಟು, ಮತ್ತೊಂದರ ತಲೆಯ ಮೇಲೆ ಕೈಯಿಟ್ಟು ಜನರ ಪಾಪಗಳನ್ನು ಹೇಳಿ ಅದನ್ನು ಅಡವಿಗೆ ಅಟ್ಟಿಬಿಡುತ್ತಿದ್ದರು.

ಈ ಕರ್ಮದ ಒಳಗಿನ ಅರ್ಥವನ್ನು ನಾವು ಗಮನಿಸಬೇಕು. ರಕ್ತದಿಂದ ಶುದ್ಧಿಯಾಗಬೇಕಾಗಿದ್ದುದು ಜನ ಮಾತ್ರವಲ್ಲ, ದೇವಾಲಯವೇ ಎಂದು ಅವರ ಶಾಸ್ತ್ರ ಹೇಳುತ್ತದೆ. ಊರಿನಲ್ಲಿ ನಡೆದ ಅನ್ಯಾಯ, ಹೊಲದಲ್ಲಿ ನಡೆದ ಮೋಸ, ಮನೆಯಲ್ಲಿ ನಡೆದ ಅಪವಿತ್ರಕಾರ್ಯ ಇವುಗಳ ಮೈಲಿಗೆ ದೂರದ ದೇವಾಲಯಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ತೊಳೆಯದಿದ್ದರೆ ಪರಿಶುದ್ಧನಾದ ದೇವರು ಅಲ್ಲಿ ನಿಲ್ಲುವಂತಿಲ್ಲ. ಎಂದಮೇಲೆ, ಪ್ರಜೆಗಳ ನಡತೆಗೂ ದೇವರ ಸಾನ್ನಿಧ್ಯಕ್ಕೂ ಬಿಡಿಸಲಾಗದ ಗಂಟು ಬಿದ್ದಿತು. ಮನೆಯ ಯಜಮಾನನು ಮನೆಯನ್ನು ಬಿಟ್ಟು ಹೊರಟುಹೋಗಬಹುದು ಎಂಬ ಭಯವು ಈ ಆಚಾರದಲ್ಲಿಯೇ ಅಡಗಿತ್ತು.

ಬಹುಕಾಲದವರೆಗೆ ಇದೊಂದೇ ದೇವಾಲಯವೂ ಆಗಿರಲಿಲ್ಲ. ಯೆಹೂದದ ದಕ್ಷಿಣದ ಗಡಿಯಲ್ಲಿದ್ದ ಅರಾದ್ ಕೋಟೆಯನ್ನು 1962ರಿಂದ ಮುಂದೆ ಭೂಶೋಧಕ ಅಹರೋನಿಯವರು ಅಗೆಸಿದಾಗ ಒಳಗೊಂದು ಚಿಕ್ಕ ದೇವಾಲಯವು ಸಿಕ್ಕಿತು. ಅಂಗಳದಲ್ಲಿ ಕಲ್ಲಿನ ಯಜ್ಞವೇದಿ, ಒಳಗೂಡಿನಲ್ಲಿ ನೆಟ್ಟಿದ್ದ ಕಲ್ಲು, ಅದರ ಬಾಗಿಲಲ್ಲಿ ಎರಡು ಸುಣ್ಣಕಲ್ಲಿನ ಧೂಪವೇದಿಗಳು. ಕ್ರಿ. ಪೂ. ಎಂಟನೆಯ ಶತಮಾನದ ಈ ವೇದಿಗಳ ಮೇಲೆ ಅಂಟಿಕೊಂಡಿದ್ದ ಕರಕನ್ನು ರಾಸಾಯನಿಕ ಪರೀಕ್ಷೆಗೆ ಗುರಿಮಾಡಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದೊಡ್ಡದರ ಮೇಲೆ ಸಾಂಬ್ರಾಣಿಯ ಶೇಷವೂ ಚಿಕ್ಕದರ ಮೇಲೆ ಗಾಂಜಾದ ಶೇಷವೂ ಇದ್ದುವು. ಯೆರೂಸಲೇಮಿಗೆ ನಾಲ್ಕೈದು ಮೈಲಿಯಷ್ಟು ಸಮೀಪದಲ್ಲಿ, ಮೋತ್ಸಾ ಎಂಬಲ್ಲಿ, 2012ರಲ್ಲಿ ಅದೇ ಕಾಲಕ್ಕೆ ಸೇರಿದ ಇನ್ನೊಂದು ದೇವಾಲಯವು ಬೆಳಕಿಗೆ ಬಂದಿತು. ಅರಾದಿನ ಧೂಪವೇದಿಗಳು ಮುರಿಯಲ್ಪಡದೆ, ಜೋಪಾನವಾಗಿ ಮಲಗಿಸಿ ಮಣ್ಣು ಮುಚ್ಚಿದ ಸ್ಥಿತಿಯಲ್ಲಿದ್ದವು. ಹೊರಗಿನ ದೇವಸ್ಥಾನಗಳನ್ನು ನಿಲ್ಲಿಸಿ ಪೂಜೆಯನ್ನೆಲ್ಲ ಯೆರೂಸಲೇಮಿಗೆ ತಿರುಗಿಸಿದ ಹಿಜ್ಕೀಯರಾಜನ ಸುಧಾರಣೆಯ ಗುರುತು ಇದೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಹಿಜ್ಕೀಯನ ಕಾಲದಲ್ಲಿಯೇ, ಕ್ರಿ. ಪೂ. 701ರಲ್ಲಿ, ಅಶ್ಶೂರದ ಚಕ್ರವರ್ತಿಯಾದ ಸೆನ್ನಾಕೆರಿಬನು ಯೆಹೂದದ ಊರುಗಳನ್ನೆಲ್ಲ ಧ್ವಂಸಮಾಡಿದರೂ ಯೆರೂಸಲೇಮು ಮಾತ್ರ ಬೀಳದೆ ಉಳಿಯಿತು. ಮುಂದೆ 622ರಲ್ಲಿ ಯೋಷೀಯರಾಜನ ಆಳ್ವಿಕೆಯಲ್ಲಿ ದೇವಾಲಯದ ದುರಸ್ತಿ ನಡೆಯುತ್ತಿದ್ದಾಗ ಧರ್ಮಶಾಸ್ತ್ರದ ಸುರುಳಿಯೊಂದು ದೊರೆಯಿತು. ಅದನ್ನಾಧಾರಮಾಡಿಕೊಂಡು ಅರಸನು ಉಳಿದ ಪೂಜಾಸ್ಥಳಗಳನ್ನೆಲ್ಲ ಕೆಡವಿಸಿದನು. ಒಬ್ಬನೇ ದೇವರು, ಒಂದೇ ಧರ್ಮಶಾಸ್ತ್ರ, ಒಂದೇ ದೇವಾಲಯ ಎಂಬ ನಿಯಮವು ಹೀಗೆ ಬಲಗೊಂಡಿತು. ಅದರ ಬೆನ್ನಿಗೇ ಅಪಾಯಕರವಾದ ಒಂದು ನಂಬಿಕೆಯೂ ಬೆಳೆಯಿತು. ಅಶ್ಶೂರದ ಸೇನೆಗೂ ಬೀಳದ ಊರು ಇನ್ನಾರಿಗೂ ಬೀಳಲಾರದು. ದೇವರ ಮನೆ ನಮ್ಮ ನಡುವೆ ಇರುವತನಕ ನಮಗೆ ಯಾವ ಕೇಡೂ ಇಲ್ಲ ಎಂದು ಜನ ನೆಚ್ಚಿಕೊಂಡರು. ಪ್ರವಾದಿಯಾದ ಯೆರೆಮೀಯನು ದೇವಾಲಯದ ಬಾಗಿಲಲ್ಲಿಯೇ ನಿಂತು ಈ ನೆಚ್ಚಿಕೆಯನ್ನು ಖಂಡಿಸಿದನು. ಪರದೇಶಿಯನ್ನೂ ವಿಧವೆಯನ್ನೂ ತಬ್ಬಲಿಯನ್ನೂ ಹಿಂಸಿಸಿ, ಕದ್ದು, ಸುಳ್ಳುಸಾಕ್ಷಿ ಹೇಳಿ, ಆಮೇಲೆ ಈ ಅಂಗಳದಲ್ಲಿ ಬಂದು ನಿಂತು ತಾವು ಕ್ಷೇಮವೆಂದು ತಿಳಿಯುವವರಿಗೆ ಈ ಮನೆ ಆಶ್ರಯವಾಗದು. ಹಿಂದೆ ಶೀಲೋವಿನಲ್ಲಿದ್ದ ಪವಿತ್ರಸ್ಥಳ ಏನಾಯಿತೋ ಇದಕ್ಕೂ ಅದೇ ಗತಿಯೆಂದನು. ಯಾಜಕರು ಅವನನ್ನು ಕೊಲ್ಲಬೇಕೆಂದು ಹಿಡಿದುಕೊಂಡರು. ಅವನು ಬದುಕಿಕೊಂಡನು, ಅವನ ಮಾತೂ ನಿಜವಾಯಿತು.

ಕ್ರಿ. ಪೂ. 597ರಲ್ಲಿ ಬಾಬಿಲೋನಿಯದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು ಯೆಹೋಯಾಖೀನರಾಜನನ್ನು ಸೆರೆಯೊಯ್ದನು. ಪಟ್ಟಣವನ್ನು ಹಿಡಿದ ಸಂಗತಿ ಬಾಬಿಲೋನಿಯದವರದೇ ಆದ ಕಾಲಾನುಕ್ರಮಣಿಕೆಯಲ್ಲಿ ದಾಖಲಾಗಿದೆ. ಸೆರೆಯ ಅರಸನಿಗೆ ದಿನಸಿಯಾಗಿ ಎಣ್ಣೆಯನ್ನು ಅಳೆದುಕೊಟ್ಟ ಲೆಕ್ಕದ ಜೇಡಿಮಣ್ಣಿನ ಫಲಕಗಳೂ ಬಾಬಿಲೋನಿನಲ್ಲಿ ಸಿಕ್ಕಿ 1939ರಲ್ಲಿ ಪ್ರಕಟವಾದುವು. 586ರಲ್ಲಿ ಎರಡನೆಯ ಸಲ ಬಂದ ಸೇನೆ ದೇವಾಲಯವನ್ನು ಸುಟ್ಟು, ಕಂಚಿನ ಕಂಬಗಳನ್ನು ಒಡೆದು ಸಾಗಿಸಿತು.

ಆ ಕಾಲದ ಲೋಕರೂಢಿಯಂತೆ ಇದರ ಅರ್ಥ ಒಂದೇ. ಜನ ಸೋತರೆ ಅವರ ದೇವರೂ ಸೋತಂತೆ. ಬಾಬಿಲೋನಿನ ಮಾರ್ದೂಕನು ಗೆದ್ದನು, ಯೆಹೋವನು ಬಿದ್ದನು. ಮನೆ ಸುಟ್ಟ ದೇವರನ್ನು ಪೂಜಿಸುವವರಾರು? ಎಷ್ಟೋ ಸಣ್ಣ ರಾಷ್ಟ್ರಗಳ ದೇವತೆಗಳು ಹೀಗೆಯೇ ಹೆಸರಿಲ್ಲದೆ ಹೋದುವು. ಯೆಹೂದ್ಯರ ಧರ್ಮದ ಅಳಿವು ಉಳಿವು ಈ ಒಂದು ಪ್ರಶ್ನೆಯ ಮೇಲೆ ನಿಂತಿತು. ಅದಕ್ಕೆ ಉತ್ತರವು ಸೆರೆಯಾಳುಗಳ ನಡುವೆಯೇ ಹುಟ್ಟಿತು. ಬಾಬಿಲೋನಿಯದ ಕೆಬಾರ್ ಕಾಲುವೆಯ ದಡದಲ್ಲಿದ್ದ ಯೆಹೆಜ್ಕೇಲನೆಂಬ ಯಾಜಕನು ತಾನು ಕಂಡ ದರ್ಶನಗಳನ್ನು ಹೇಳಿದನು. ದೇವರ ತೇಜಸ್ಸು ಗರ್ಭಗೃಹದಿಂದ ಎದ್ದು ಹೊಸ್ತಿಲಿಗೆ, ಹೊಸ್ತಿಲಿನಿಂದ ಮೂಡಣ ಬಾಗಿಲಿಗೆ, ಅಲ್ಲಿಂದ ಊರ ಹೊರಗಿನ ಗುಡ್ಡಕ್ಕೆ ಹೊರಟುಹೋಗುವುದನ್ನು ಅವನು ಕಂಡನಂತೆ. ಅವನ ದರ್ಶನದ ಸಿಂಹಾಸನಕ್ಕೆ ಚಕ್ರಗಳಿದ್ದುವು. ಐನ್ ದಾರಾದ ಹೆಜ್ಜೆಗಳು ಒಳಗೆ ಹೋದುವೇ ಹೊರತು ಹೊರಗೆ ಬಂದುದಿಲ್ಲ. ಇಲ್ಲಿ ಹಾಗಲ್ಲ. ಶತ್ರುವು ಸುಟ್ಟುದು ಯಜಮಾನನು ಆಗಲೇ ಬಿಟ್ಟು ಹೋಗಿದ್ದ ಮನೆಯನ್ನು. ಸೋತವನು ದೇವರಲ್ಲ, ತಪ್ಪಿದವರು ಜನ. ವಿಗ್ರಹವೇ ಇದ್ದಿದ್ದರೆ ಅದನ್ನು ಶತ್ರುಗಳು ಬಂಡಿಯ ಮೇಲೆ ಹೇರಿಕೊಂಡು ಮಾರ್ದೂಕನ ಗುಡಿಯಲ್ಲಿ ಸೆರೆಯಿಡುತ್ತಿದ್ದರು. ಬರಿಯ ಆಸನವನ್ನು ಸುಡಬಹುದು, ಆಸೀನನನ್ನು ಹಿಡಿಯಲಾಗದು ಎಂಬ ತಿಳಿವಳಿಕೆಯೇ ಆ ಧರ್ಮವನ್ನು ಉಳಿಸಿತೆಂದು ನಮಗೆ ತೋರುತ್ತದೆ.

ಪಾರಸಿಕ ಚಕ್ರವರ್ತಿಯಾದ ಕೋರೆಷನು, ಎಂದರೆ ಗ್ರೀಕರ ಸೈರಸ್ಸನು, ಕ್ರಿ. ಪೂ. 539ರಲ್ಲಿ ಬಾಬಿಲೋನನ್ನು ಗೆದ್ದು ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆಕೊಟ್ಟನು. ಎರಡನೆಯ ದೇವಾಲಯವು 515ರಲ್ಲಿ ಮುಗಿಯಿತು. ಅದರ ಅಸ್ತಿಭಾರವನ್ನು ಹಾಕಿದಾಗ ಮೊದಲಿನ ದೇವಾಲಯವನ್ನು ಕಂಡಿದ್ದ ವೃದ್ಧರು ಅತ್ತರೆಂದೂ, ಕಿರಿಯರ ಜಯಘೋಷ ಯಾವುದು, ಹಿರಿಯರ ಅಳು ಯಾವುದು ಎಂಬುದನ್ನು ಬೇರ್ಪಡಿಸಲಾಗಲಿಲ್ಲವೆಂದೂ ಎಜ್ರನ ಗ್ರಂಥವು ಹೇಳುತ್ತದೆ. ಹೊಸ ಗರ್ಭಗೃಹದಲ್ಲಿ ಮಂಜೂಷೆಯೂ ಇಲ್ಲ, ಕೆರೂಬಿಗಳೂ ಇಲ್ಲ. ನೆಲದಿಂದ ಮೂರು ಬೆರಳು ಎತ್ತರವಿದ್ದ ಒಂದು ಬಂಡೆ ಮಾತ್ರ ಅಲ್ಲಿತ್ತೆಂದೂ ಮಹಾಯಾಜಕನು ಧೂಪದ ಕೆಂಡವನ್ನು ಅದರ ಮೇಲಿಡುತ್ತಿದ್ದನೆಂದೂ ಯೆಹೂದ್ಯರ ಮಿಶ್ನಾ ಗ್ರಂಥದಿಂದ ತಿಳಿಯುತ್ತದೆ. ಪಾಂಪೆಯು ಕಂಡುದು ಈ ಕೋಣೆಯನ್ನು.

ಈ ಎರಡನೆಯ ದೇವಾಲಯದ ಕಾಲದಲ್ಲಿ ಯೆಹೂದ್ಯರು ಈಜಿಪ್ಟು, ಬಾಬಿಲೋನಿಯ, ಏಷ್ಯಾ ಮೈನರ್, ರೋಮುಗಳವರೆಗೂ ಹರಡಿಕೊಂಡರು. ವಯಸ್ಕನಾದ ಪ್ರತಿಯೊಬ್ಬ ಗಂಡಸೂ ವರ್ಷಕ್ಕೆ ಅರ್ಧ ಶೆಕೆಲ್ ಬೆಳ್ಳಿಯನ್ನು ದೇವಾಲಯಕ್ಕೆ ಕಳುಹಿಸುತ್ತಿದ್ದನು. ದಿನದ ಬಲಿಯಲ್ಲಿ ಹೀಗೆ ಎಲ್ಲರಿಗೂ ಪಾಲು ದೊರೆಯಿತು. ಕ್ರಿ. ಪೂ. 167ರಲ್ಲಿ ಸಿರಿಯದ ಅರಸನಾದ ಆಂಟಿಯೋಕಸನು ಅಲ್ಲಿ ಅನ್ಯದೇವತೆಯ ಪೂಜೆಯನ್ನು ನಡೆಸಿದುದಕ್ಕೆ ದೇಶವೇ ದಂಗೆಯೆದ್ದಿತು; 164ರಲ್ಲಿ ದೇವಾಲಯವನ್ನು ಶುದ್ಧಿಮಾಡಿದ ನೆನಪೇ ಈಗಲೂ ಆಚರಿಸುವ ಹನುಕ್ಕಾ ದೀಪೋತ್ಸವ. ಕ್ರಿ. ಪೂ. 20ರ ಸುಮಾರಿನಲ್ಲಿ ಹೆರೋದರಾಜನು ದೇವಾಲಯವನ್ನು ಹೊಸದಾಗಿ ಕಟ್ಟಿಸತೊಡಗಿ, ಸುತ್ತಲಿನ ಜಗತಿಯನ್ನು ಸುಮಾರು 35 ಎಕರೆಗೆ ವಿಸ್ತರಿಸಿದನು. ಒಳಾವರಣವನ್ನು ದಾಟುವ ಅನ್ಯಜನರಿಗೆ ಮರಣವೇ ಗತಿಯೆಂದು ಎಚ್ಚರಿಸುವ ಗ್ರೀಕ್ ಭಾಷೆಯ ಶಿಲಾಶಾಸನವೊಂದು 1871ರಲ್ಲಿ ಸಿಕ್ಕಿತು. ಅದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ.

ಕ್ರಿ. ಶ. 66ರಲ್ಲಿ ಯೆಹೂದ್ಯರು ರೋಮಿನ ವಿರುದ್ಧವಾಗಿ ದಂಗೆಯೆದ್ದರು. 70ರಲ್ಲಿ ಟೈಟಸನ ಸೇನೆ ದೇವಾಲಯವನ್ನು ಸುಟ್ಟಿತು. ಅಲ್ಲಿಯ ದೀಪಸ್ತಂಭವನ್ನೂ ಮೇಜನ್ನೂ ರೋಮಿನ ಬೀದಿಗಳಲ್ಲಿ ಮೆರೆಸಿದ ಚಿತ್ರವನ್ನು ಟೈಟಸನ ಕಮಾನಿನ ಮೇಲೆ ಇಂದಿಗೂ ನೋಡಬಹುದು. ದೇವಾಲಯಕ್ಕೆ ಸಲ್ಲುತ್ತಿದ್ದ ಕಾಣಿಕೆಯನ್ನು ಇನ್ನು ಮುಂದೆ ರೋಮಿನ ಜೂಪಿಟರ್ ದೇವತೆಯ ಗುಡಿಗೆ ತೆರಿಗೆಯಾಗಿ ಕೊಡಬೇಕೆಂದು ವಿಧಿಸಿದುದು ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಬಲಿ ನಿಂತಿತು, ಯಾಜಕರಿಗೆ ಕೆಲಸವಿಲ್ಲವಾಯಿತು, ದೋಷಪರಿಹಾರದ ದಾರಿಯೇ ಮುಚ್ಚಿದಂತಾಯಿತು.

ಆಗ ಯವ್ನೆ ಎಂಬ ಊರಿನಲ್ಲಿ ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರುವಿನ ಸುತ್ತ ವಿದ್ವಾಂಸರು ಕಲೆತರು. ಹಾಳಾದ ದೇವಾಲಯವನ್ನು ಕಂಡು ಅವನ ಶಿಷ್ಯನು ಶೋಕಿಸಿದಾಗ, ಬಲಿಗೆ ಸಮಾನವಾದ ಪ್ರಾಯಶ್ಚಿತ್ತ ನಮಗೆ ಉಳಿದಿದೆ, ಅದು ಪರೋಪಕಾರ ಎಂದು ಅವನು ಸಮಾಧಾನ ಹೇಳಿದನೆಂಬ ಐತಿಹ್ಯವಿದೆ. ಬಲಿಯ ವೇಳೆಗಳು ಪ್ರಾರ್ಥನೆಯ ವೇಳೆಗಳಾದುವು. ಯಜ್ಞವಿಧಿಯ ಅಧ್ಯಯನವೇ ಯಜ್ಞಕ್ಕೆ ಬದಲಾಯಿತು. ಊಟದ ಮೇಜು ವೇದಿಯಾಯಿತು. ಇದಕ್ಕೆ ಬೇಕಾದ ಸಾಧನ ಮೊದಲೇ ಸಿದ್ಧವಾಗಿತ್ತು. ಧರ್ಮಶಾಸ್ತ್ರವನ್ನು ಓದುವುದಕ್ಕೂ ಬೋಧಿಸುವುದಕ್ಕೂ ಸಭಾಮಂದಿರವನ್ನು ಕಟ್ಟಿಸಿದುದಾಗಿ ಹೇಳುವ ಥಿಯೊಡೋಟಸ್ ಎಂಬಾತನ ಗ್ರೀಕ್ ಶಾಸನವು ಯೆರೂಸಲೇಮಿನಲ್ಲಿಯೇ ದೊರೆತಿದೆ. ಅದು ದೇವಾಲಯ ಇನ್ನೂ ನಿಂತಿದ್ದ ಕಾಲದ್ದೆಂದು ಬಹುಮಂದಿ ವಿದ್ವಾಂಸರು ನಿರ್ಣಯಿಸಿದ್ದಾರೆ. ಸಭಾಮಂದಿರದಲ್ಲಿ ವೇದಿಯಿಲ್ಲ, ಬಲಿಯಿಲ್ಲ. ಯೆರೂಸಲೇಮಿನ ಕಡೆಯ ಗೋಡೆಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಧರ್ಮಶಾಸ್ತ್ರದ ಸುರುಳಿಗಳು. ಕೊಚ್ಚಿಯ ಯೆಹೂದ್ಯರೂ ಮುಂಬಯಿಯ ಬೆನೆ ಇಸ್ರಾಯೇಲರೂ ಪಶ್ಚಿಮಾಭಿಮುಖವಾಗಿ ಪ್ರಾರ್ಥಿಸುತ್ತ ಬಂದುದಕ್ಕೆ ಇದೇ ಕಾರಣ. ಸೊಲೊಮೋನನ ಗರ್ಭಗೃಹದಲ್ಲಿ ಮಂಜೂಷೆಯೊಳಗೆ ಏನಿತ್ತೆಂಬುದನ್ನು ನೆನೆದರೆ, ಈ ಏರ್ಪಾಡು ಹೊಸದಲ್ಲ, ಮೊದಲಿನದರ ಮುಂದುವರಿಕೆಯೇ ಎಂಬುದು ಗೊತ್ತಾಗುತ್ತದೆ.

ಆದರೂ ದುಃಖವು ಶಮನವಾಯಿತೆಂದು ಹೇಳುವಂತಿಲ್ಲ. ಆವ್ ತಿಂಗಳ ಒಂಬತ್ತನೆಯ ದಿನ ಅವರು ಎರಡು ನಾಶಗಳನ್ನೂ ನೆನೆದು ಉಪವಾಸಮಾಡಿ ನೆಲದ ಮೇಲೆ ಕುಳಿತು ಶೋಕಗೀತಗಳನ್ನು ಓದುತ್ತಾರೆ. ಮದುವೆಯ ಸಂಭ್ರಮದಲ್ಲಿ ಗಾಜಿನ ಬಟ್ಟಲನ್ನು ಒಡೆಯುವುದನ್ನೂ ಅದೇ ನೆನಪಿಗೆ ಹೊಂದಿಸಿ ಹೇಳುತ್ತಾರೆ. ಹೆರೋದನ ಜಗತಿಯ ಪಡುವಣ ಗೋಡೆಯ ಕಲ್ಲುಗಳ ಮುಂದೆ ನಿಂತು ಪ್ರಾರ್ಥಿಸುತ್ತಾರೆ; ಅವುಗಳಲ್ಲಿ ಒಂದು ಕಲ್ಲಿನ ಉದ್ದವೇ ಸುಮಾರು 45 ಅಡಿ. ಜಗತಿಯ ಮೇಲೆ, ಸುಮಾರು 692ರಲ್ಲಿ ಮುಗಿದ ಬಂಡೆಯ ಗುಮ್ಮಟವೂ ಅಲ್ ಅಕ್ಸಾ ಮಸೀದಿಯೂ ನಿಂತಿದ್ದು, ಮುಸಲ್ಮಾನರಿಗೂ ಅದು ಪರಮಪವಿತ್ರ ಸ್ಥಳವಾಗಿದೆ. ಆದಕಾರಣವೇ ಅಲ್ಲಿ ಕ್ರಮವಾಗಿ ಅಗೆದು ನೋಡಲು ಸಾಧ್ಯವಾಗಿಲ್ಲ. ಸೊಲೊಮೋನನ ದೇವಾಲಯದ ಒಂದು ಕಲ್ಲನ್ನೂ ಇಂಥದೇ ಎಂದು ಯಾರೂ ಬೆರಳಿಟ್ಟು ತೋರಿಸಿಲ್ಲ. ಆ ನೆಲಕ್ಕಾಗಿ ಹರಿದ ನೆತ್ತರಿನ ವೃತ್ತಾಂತವಂತೂ ಬೇರೊಂದು ಭಾಷಣಕ್ಕೆ ಸೇರಬೇಕಾದುದು.

ದೇವಾಲಯವು ನಿಂತಿದ್ದಾಗ ಅದರ ಹೊಸ್ತಿಲಲ್ಲಿಯೇ ನಿಂತು ಯೆರೆಮೀಯನು ಕೇಳಿದ ಪ್ರಶ್ನೆಯು, ಈ ಮನೆ ನಿಮ್ಮದೋ, ಇಲ್ಲಿಯ ಧರ್ಮ ನಿಮ್ಮದೋ ಎಂಬುದಾಗಿತ್ತು. ಅದು ಬಿದ್ದಮೇಲೆ ಯವ್ನೆಯ ಗುರುಗಳು ಕೊಟ್ಟ ಉತ್ತರವೂ ಆ ಪ್ರಶ್ನೆಗೇ. ಪಾಂಪೆಯು ಬಾಗಿಲು ತೆರೆದು ಏನೂ ಇಲ್ಲವೆಂದು ಹಿಂದಿರುಗಿದನು. ತಾವು ಆರಾಧಿಸುವುದು ಗೋಡೆಗಳ ನಡುವೆ ಹಿಡಿಯುವಂಥದಲ್ಲವೆಂಬುದನ್ನು ಆ ಜನ ಆ ಬರಿಯ ಕೋಣೆಯ ಮುಂದೆ ನಿಂತು ಶತಮಾನಗಳ ಕಾಲ ಅಭ್ಯಾಸಮಾಡಿದ್ದರು. ಆ ಅಭ್ಯಾಸವೇ ಅವರಿಗೆ ಕೋಣೆಯಿಲ್ಲದ ಕಾಲದಲ್ಲಿ ನೆರವಾಯಿತು.